ಕರಿಕಲ್ಲಿನ ಮಗ್ಗುಲಲ್ಲಿ ಯಾವ ಬಣ್ಣ?



ಈ ಸಲದ ಇ-ಸ್ಮರಣ ಸಂಚಿಕೆಗೆ ಮನೆ ಅಲಂಕಾರದ ಬಗ್ಗೆ ಏನಾದರೂ ಬರೆದುಕೊಡಿ ಎಂದು ನಮ್ಮ ವೇದಿಕೆಯವರು ಕೇಳಿದರು. ನನಗೆ ಅಲಂಕಾರಕ್ಕಿಂತ ಇತಿಹಾಸದ ಹುಚ್ಚು ಹೆಚ್ಚು. ಅದಕ್ಕೇ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ಕಲ್ಲಿನ ಗೋಡೆ, ಕಲ್ಲಿನ ನೆಲ, ಕಲ್ಲಿನ ಕಟ್ಟೆ ಇರುವ ಮನೆಯಲ್ಲಿ ಉಳಿದ ಗೋಡೆಗೆ ಯಾವ ಬಣ್ಣ ಬಳಿಯಬೇಕು ಎಂಬುದು ನಮ್ಮಲ್ಲಿ ಬಹಳ ಜನ ಪೇಂಟರ್ ಮುಂದೆ ನಿಂತು ಪರದಾಡಿದ ಪ್ರಶ್ನೆ. ಈ ಪ್ರಶ್ನೆಗೆ ಎರಡು ಸಾವಿರ ವರ್ಷಗಳಿಂದ ಉತ್ತರ ಹುಡುಕಿದ ನಾಡಿನಲ್ಲಿ ನಾನು ವಾಸವಾಗಿದ್ದೇನೆ. ಆ ಉತ್ತರದಲ್ಲಿ ಒಂದು ದೊಡ್ಡ ಪಾಲು ನಮ್ಮ ಕನ್ನಡದವರದು ಎಂಬುದು ಬರೆಯಲು ಇನ್ನೊಂದು ಕಾರಣ.

ಮನ್ಮಾಡ್ ಎಂದರೆ ನಿಮ್ಮಲ್ಲಿ ಹೆಚ್ಚಿನವರಿಗೆ ಒಂದು ರೈಲ್ವೆ ಜಂಕ್ಷನ್ ಅಷ್ಟೇ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ದಿಲ್ಲಿಗೆ ಹೋಗುವಾಗ ಚಹಾ ಕುಡಿದಿರುತ್ತೀರಿ, ಶಿರಡಿಗೆ ಹೋಗುವಾಗ ಇಳಿದಿರುತ್ತೀರಿ. ಊರು ನಾಸಿಕ್ ಜಿಲ್ಲೆಗೆ ಸೇರಿದ್ದು. ಪೂರ್ವಕ್ಕೆ ಹೊರಟರೆ ಛತ್ರಪತಿ ಸಂಭಾಜಿನಗರ, ಅಂದರೆ ನಾವೆಲ್ಲ ಇನ್ನೂ ಬಾಯಿತಪ್ಪಿ ಔರಂಗಾಬಾದ್ ಎನ್ನುವ ಊರು, ರೈಲಿನಲ್ಲಿ ಎರಡು ತಾಸಿನ ದಾರಿ. ಇಲ್ಲಿ ನೀರಿಗೆ ಬರ, ಕಲ್ಲಿಗೆ ಬರವಿಲ್ಲ. ಸ್ಟೇಷನ್ನಿನಿಂದಲೇ ಕಾಣುವ ಗುಡ್ಡದ ಮೇಲೆ ಹೆಬ್ಬೆರಳು ಎತ್ತಿ ತೋರಿಸಿದ ಹಾಗೆ ಒಂದು ಬಂಡೆ ನಿಂತಿದೆ. ಹತ್ತಿರದಲ್ಲೇ ಅಂಕಾಯಿ-ಟಂಕಾಯಿ ಎಂಬ ಜೋಡಿ ಕೋಟೆಗಳಿವೆ, ಟಂಕಾಯಿಯ ಬುಡದಲ್ಲಿ ಜೈನ ಗುಹೆಗಳಿವೆ. ಎಲ್ಲಾ ಕರಿಕಲ್ಲು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿ ಬಿರಿದು ಹರಿದ ಲಾವಾ ಪದರ ಪದರವಾಗಿ ಆರಿ ಆದ ಕಲ್ಲು ಇದು, ಬಸಾಲ್ಟ್ ಎನ್ನುತ್ತಾರೆ.

ನನ್ನ ತವರು ಸೇಡಂ ತಾಲ್ಲೂಕು, ಮಳಖೇಡದ ಮಗ್ಗುಲು. ಅಲ್ಲಿ ಹಾಸುವುದೂ ಹೊದೆಸುವುದೂ ಶಹಾಬಾದ್ ಕಲ್ಲೇ. ಬೂದು ಬಣ್ಣದ ಆ ಕಲ್ಲಿನ ಮೇಲೆ ಸುಣ್ಣ ಬಳಿದರೂ ಒಂದೇ, ಬಿಟ್ಟರೂ ಒಂದೇ, ಎರಡೂ ಒಂದೇ ಮನೆತನದವು. ಸುಣ್ಣ ಬರುವುದೂ ಸುಣ್ಣದ ಕಲ್ಲಿನಿಂದಲೇ ಅಲ್ಲವೇ? ಮದುವೆಯಾಗಿ ಮನ್ಮಾಡಿಗೆ ಬಂದಾಗ ನನಗೆ ಮೊದಲು ಕಂಡದ್ದು ಈ ಕಪ್ಪು. ಯಜಮಾನರು ಇಲ್ಲಿಯ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು, ಸೇತುವೆಗಳ ಗರ್ಡರ್ ತಯಾರಾಗುವ ಜಾಗ. ನಿವೃತ್ತಿಗೆ ಮೊದಲೇ ಒಂದು ಹಳೆಯ ಮನೆ ಕೊಂಡರು. ಎದೆಯೆತ್ತರದವರೆಗೆ ಕರಿಕಲ್ಲಿನ ಗೋಡೆ, ಅದರ ಮೇಲೆ ಇಟ್ಟಿಗೆ, ಗಾರೆ. ಪಡಸಾಲೆಯಲ್ಲೂ ಆ ಕಲ್ಲು ಬತ್ತಲೆಯಾಗಿಯೇ ಕಾಣುತ್ತದೆ.

ಅವರು ತೀರಿಕೊಂಡು ಎರಡು ವರ್ಷವಾಯಿತು. ಪುಣೆಯಲ್ಲಿರುವ ಮಗ ಕಳೆದ ಬೇಸಿಗೆಯಲ್ಲಿ ಬಂದು, "ಅವ್ವಾ, ಒಬ್ಬಾಕಿನೇ ಇರ್ತಿ, ಮನಿ ಭಾಳ ಕತ್ತಲಿ ಕಾಣ್ತದ. ಕಲ್ಲಿನ ಮ್ಯಾಲೂ ಬಿಳಿ ಆಯಿಲ್ ಪೇಂಟ್ ಹೊಡಸಿಬಿಡೋಣು" ಅಂದ. ಸೊಸೆ ಶೇಡ್ ಕಾರ್ಡ್ ತಂದಿದ್ದಳು, ಅದರಲ್ಲಿ ಬಿಳಿಯೊಂದರಲ್ಲೇ ಹತ್ತಿಪ್ಪತ್ತು ಬಗೆ. ಪೇಂಟರ್ ಕೂಡ, "ಮಾವಶೀ, ಎರಡು ಕೋಟ್ ಹೊಡೆದರೆ ಕಲ್ಲು ಇತ್ತು ಎಂದೇ ಗೊತ್ತಾಗುವುದಿಲ್ಲ" ಎಂದು ಮರಾಠಿಯಲ್ಲಿ ಭರವಸೆ ಕೊಟ್ಟ. ನನಗೆ ಭಯವಾದದ್ದು ಆ ಭರವಸೆ ಕೇಳಿಯೇ. ಗಾರೆಯ ಮೇಲಿನ ಬಣ್ಣ ಬೇಡವಾದರೆ ಕೆರೆದು ಬೇರೆ ಬಳಿಯಬಹುದು. ಕಲ್ಲಿನ ಸಂದಿಗೆ, ಉಳಿಯ ಗುರುತಿನೊಳಗೆ ಇಳಿದ ಆಯಿಲ್ ಪೇಂಟನ್ನು ತೆಗೆಯಬೇಕಾದರೆ ಕಲ್ಲಿನ ಚರ್ಮವೇ ಹೋಗುತ್ತದೆ. "ಒಂದು ತಿಂಗಳು ಕೊಡಪ್ಪಾ" ಅಂದೆ. ಆ ತಿಂಗಳಲ್ಲಿ ನಾನು ಹಿಂದೆ ಹಲವು ಸಲ ನೋಡಿದ್ದ ಜಾಗಗಳನ್ನೇ ಈ ಒಂದು ಪ್ರಶ್ನೆ ಇಟ್ಟುಕೊಂಡು ಇನ್ನೊಮ್ಮೆ ನೋಡಿಬಂದೆ.

ಮೊದಲು ಅಜಂತಾ. 1819ರಲ್ಲಿ ಜಾನ್ ಸ್ಮಿತ್ ಎಂಬ ಬ್ರಿಟಿಷ್ ಅಧಿಕಾರಿಯ ಕಣ್ಣಿಗೆ ಬಿದ್ದ ಮೇಲೆ ಹೊರಗಿನ ಜಗತ್ತಿಗೆ ಗೊತ್ತಾದ ಗುಹೆಗಳು, ಸುಮಾರು ಮೂವತ್ತು. ಕೆಲವು ಕ್ರಿಸ್ತಪೂರ್ವದವು, ಉಳಿದವು ಐದನೆಯ ಶತಮಾನದ ವಾಕಾಟಕರ ಕಾಲದವು. ಎಲ್ಲರೂ ಪದ್ಮಪಾಣಿಯ ಮುಖ ನೋಡಲು ಹೋಗುತ್ತಾರೆ. ನಾನು ಈ ಸಲ ನೋಡಿದ್ದು ಚಿತ್ರ ಉದುರಿಹೋದ ಜಾಗಗಳನ್ನು. ಅಲ್ಲಿ ಗೋಡೆಯ ಒಳಸಂಸಾರವೆಲ್ಲ ಬಯಲಾಗುತ್ತದೆ. ಕಲ್ಲನ್ನು ಅವರು ನುಣುಪು ಮಾಡಿಲ್ಲ, ಉಳಿಯ ಗೀರುಗಳನ್ನು ಒರಟಾಗಿಯೇ ಬಿಟ್ಟಿದ್ದಾರೆ. ಅದರ ಮೇಲೆ ಮಣ್ಣಿನ ಗಿಲಾವು. ಸುತ್ತಲಿನ ಮಣ್ಣಿಗೆ ಕಲ್ಲಿನ ಪುಡಿ, ಭತ್ತದ ಹೊಟ್ಟು, ಹುಲ್ಲು, ನಾರು ಕಲಸಿ ಮೆತ್ತಿದ್ದು. ಒರಟು ಗೀರು ಇದ್ದದ್ದು ಆ ಮಣ್ಣು ಹಿಡಿದುಕೊಳ್ಳಲಿ ಎಂದು. ಅದರ ಮೇಲೆ ಇನ್ನೊಂದು ನಯವಾದ ಪದರ, ಆಮೇಲೆ ತೆಳ್ಳಗೆ ಸುಣ್ಣ. ಬಣ್ಣ ಬಂದದ್ದು ಕೊನೆಗೆ, ಅಂಟು ಬೆರೆಸಿ, ಒಣಗಿದ ಮೇಲ್ಮೈ ಮೇಲೆ. ನಮ್ಮ ಹಳ್ಳಿಯ ಮಣ್ಣುಗೋಡೆ ಸಾರಿಸುವ ಕೆಲಸವನ್ನು ಬಲ್ಲ ಯಾವ ಹೆಂಗಸೂ ಇದನ್ನು ಒಂದು ನೋಟಕ್ಕೆ ಗುರುತು ಹಿಡಿಯುತ್ತಾಳೆ. ಕೈಕೆಲಸ ಒಂದೇ, ಕುಂಚ ಹಿಡಿದವರು ಬೇರೆ.

ಹೀಗೆ ಕರಿಕಲ್ಲಿಗೂ ಬಣ್ಣಕ್ಕೂ ಅವರು ನೇರ ಮುಖಾಮುಖಿ ಮಾಡಿಸಿಲ್ಲ. ನಡುವೆ ಮಣ್ಣು, ಸುಣ್ಣ ಇಟ್ಟಿದ್ದಾರೆ.

ಅದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಣ್ಣಗಳ ಹುಟ್ಟು. ಅಜಂತಾದ ಕೆಂಪು ಕೆಮ್ಮಣ್ಣಿನದು. ಹಳದಿ ಹಳದಿ ಮಣ್ಣಿನದು. ಕಪ್ಪು ದೀಪದ ಕಾಡಿಗೆಯದು. ಬಿಳಿ ಸುಣ್ಣ, ಜೇಡಿ, ಜಿಪ್ಸಂನದು. ಹಸಿರು ಎಲ್ಲಿಯದು ಗೊತ್ತೇ? ಇದೇ ಕರಿಕಲ್ಲಿನ ಹೊಟ್ಟೆಯದು. ಲಾವಾ ಆರುವಾಗ ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳ ಜಾಗದಲ್ಲಿ ಆಮೇಲೆ ಬೇರೆ ಖನಿಜಗಳು ಕೂತಿವೆ, ಅದರಲ್ಲಿ ಹಸಿರು ಮಣ್ಣಿನಂಥದ್ದೂ ಒಂದು. ನಮ್ಮ ಕಡೆಯ ಕಲ್ಲುಗಣಿಯಲ್ಲಿ ಒಡೆದ ಕಲ್ಲನ್ನು ನೋಡಿದರೆ ಹಸಿರು ಚುಕ್ಕೆ, ಬಿಳಿ ಹರಳು ಈಗಲೂ ಕಾಣುತ್ತವೆ. ಗುಡ್ಡ ಕಡಿದು ರಸ್ತೆ ಮಾಡಿದ ಕಡೆ ಎರಡು ಲಾವಾ ಪದರಗಳ ನಡುವೆ ಇಟ್ಟಿಗೆಗೆಂಪಿನ ಮಣ್ಣಿನ ಪಟ್ಟೆ ಕಾಣುತ್ತದೆ. ಒಂದು ಲಾವಾ ಹರಿದು, ಬಿಸಿಲು ಮಳೆಗೆ ಮೇಲ್ಮೈ ಸವೆದು ಕೆಂಪಾದ ಮೇಲೆ ಇನ್ನೊಂದು ಲಾವಾ ಬಂದು ಮುಚ್ಚಿದ ಗುರುತು ಅದು. ಅಂದರೆ ಕಪ್ಪು ಎಂದು ನಾವು ಕರೆಯುವ ಈ ಕಲ್ಲಿನೊಳಗೆ ಕೆಂಪು, ಹಸಿರು, ಬಿಳಿ ಮೊದಲೇ ಇವೆ. ಅಜಂತಾದ ಚಿತ್ರಗಾರರು ಕಲ್ಲಿನ ನೆರೆಹೊರೆಯಿಂದಲೇ ಬಣ್ಣ ತಂದರು, ಹಾಗಾಗಿ ಕಲ್ಲಿಗೂ ಬಣ್ಣಕ್ಕೂ ಜಗಳವಿಲ್ಲ. ಅದನ್ನು ಇವತ್ತಿನ ಡಿಸೈನರುಗಳು ಅಂಡರ್‌ಟೋನ್ ಎಂದು ಹೇಳಿ ಫೀಸು ತೆಗೆದುಕೊಳ್ಳುತ್ತಾರೆ!

ಒಂದೇ ಒಂದು ಬಣ್ಣ ಹೊರಗಿನದು, ನೀಲಿ. ಐದನೆಯ ಶತಮಾನದ ಗುಹೆಗಳಲ್ಲಿ ಕಾಣುವ ಆ ನೀಲಿ ಲಾಪಿಸ್ ಲಜುಲಿ ಎಂಬ ಕಲ್ಲನ್ನು ಅರೆದು ಮಾಡಿದ್ದು, ಆ ಕಲ್ಲು ಬರುತ್ತಿದ್ದದ್ದು ಈಗಿನ ಅಫ್ಘಾನಿಸ್ತಾನದ ಬದಖ್ಶಾನದಿಂದ. ಅಷ್ಟು ದೂರದಿಂದ ಬಂದ ದುಬಾರಿ ಬಣ್ಣವನ್ನು ಗೋಡೆ ತುಂಬ ಸುರಿಯಲು ಯಾರಿಗೆ ಸಾಧ್ಯ? ಮಣ್ಣಿನ ಬಣ್ಣಗಳ ನಡುವೆ ಬೇಕಾದ ಕಡೆ ಮಾತ್ರ ಇಟ್ಟಿದ್ದಾರೆ. ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ನನ್ನ ಮಟ್ಟಿಗೆ ಇದು ಅಜಂತಾ ಕಲಿಸುವ ದೊಡ್ಡ ಪಾಠ. ಈ ನೀಲಿಯ ಕಥೆ ಇಲ್ಲಿಗೆ ಮುಗಿಯುವುದಿಲ್ಲ, ಮುಂದೆ ನಮ್ಮ ಅವ್ವಂದಿರ ಸುಣ್ಣದ ಬಕೆಟ್ಟಿಗೆ ಬರುತ್ತದೆ.

ಅಜಂತಾದಲ್ಲಿ ಆದ ಇನ್ನೊಂದು ಸಂಗತಿಯನ್ನೂ ಹೇಳಬೇಕು, ಏಕೆಂದರೆ ಆಯಿಲ್ ಪೇಂಟ್ ಮಾತಿಗೆ ಅದು ನೇರ ಸಂಬಂಧ. ಅಜಂತಾ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನನ್ನ ತವರೂರೂ ಅದೇ ಸಂಸ್ಥಾನ, ಹಾಗಾಗಿ ನಮ್ಮ ಅಜ್ಜನ ಕಾಲದಲ್ಲಿ ಮಳಖೇಡವೂ ಅಜಂತಾವೂ ಒಂದೇ ಸರ್ಕಾರದ ಕೈಕೆಳಗೆ ಇದ್ದವು. ಗುಲಾಂ ಯಜ್ದಾನಿ ಎಂಬ ವಿದ್ವಾಂಸರು ಪುರಾತತ್ವ ಇಲಾಖೆಯ ಮುಖ್ಯಸ್ಥರು. ಚಿತ್ರಗಳು ಉದುರುತ್ತಿರುವುದನ್ನು ತಡೆಯಲು 1920ರ ಹೊತ್ತಿಗೆ ಇಟಲಿಯಿಂದ ಲೊರೆಂಜೊ ಚೆಕೋನಿ, ಓರ್ಸಿನಿ ಎಂಬ ಇಬ್ಬರು ತಜ್ಞರನ್ನು ಕರೆಸಿದರು. ಅವರು ಸಡಿಲವಾದ ಗಿಲಾವನ್ನು ಗೋಡೆಗೆ ಮತ್ತೆ ಕೂಡಿಸಿದರು, ಅದು ನಿಜಕ್ಕೂ ಉಪಕಾರದ ಕೆಲಸ. ಆದರೆ ಚಿತ್ರದ ಮೇಲೆ ಅರಗಿನ ವಾರ್ನಿಶ್ ಕೂಡ ಬಳಿಯಲಾಯಿತು. ಆಗ ಬಣ್ಣಗಳು ಥಳಥಳ ಹೊಳೆದಿರಬೇಕು. ವರ್ಷಗಳು ಕಳೆದಂತೆ ಆ ಅರಗು ಹಳದಿಗಟ್ಟಿ, ಕಂದಾಗಿ, ಧೂಳು ಹಿಡಿದು ಚಿತ್ರಗಳನ್ನೇ ಮಂಕು ಮಾಡಿತು. ಅದನ್ನು ತೆಗೆಯಲು ಭಾರತೀಯ ಪುರಾತತ್ವ ಇಲಾಖೆಯವರು ದಶಕಗಳ ಕಾಲ ಹತ್ತಿ ಉಂಡೆ ಹಿಡಿದು ಇಂಚು ಇಂಚು ಕೆಲಸ ಮಾಡಬೇಕಾಯಿತು. ತಜ್ಞರು ಒಳ್ಳೆಯ ಮನಸ್ಸಿನಿಂದ ಬಳಿದ ಹೊಳಪಿನ ಗತಿಯೇ ಇದಾದರೆ, ನಮ್ಮ ಪೇಂಟರಿನ ಎರಡು ಕೋಟ್ ಬಗ್ಗೆ ಏನು ಹೇಳಲಿ?

ಅಲ್ಲಿಂದ ಎಲ್ಲೋರಾ, ಇಲ್ಲಿಯವರ ಬಾಯಲ್ಲಿ ವೇರೂಳ. ಇಲ್ಲಿಗೆ ಬಂದಾಗಲೆಲ್ಲ ನನಗೆ ತವರಿಗೆ ಬಂದ ಹಾಗೆ. ಕೈಲಾಸ ದೇವಾಲಯವನ್ನು ಕಡೆಸಿದ್ದು ರಾಷ್ಟ್ರಕೂಟರ ಒಂದನೆಯ ಕೃಷ್ಣ, ಆಳಿದ್ದು ಎಂಟನೆಯ ಶತಮಾನದ ಮೂರನೆಯ ಭಾಗದಲ್ಲಿ, ಸುಮಾರು 756ರಿಂದ 773ರವರೆಗೆ. ಇದೇ ವಂಶದ ಅಮೋಘವರ್ಷ ನೃಪತುಂಗ ಆಮೇಲೆ ಮಾನ್ಯಖೇಟದಿಂದ, ಅಂದರೆ ನಮ್ಮ ಮಳಖೇಡದಿಂದ ಆಳಿದ. ಕವಿರಾಜಮಾರ್ಗ ಕನ್ನಡ ನಾಡಿನ ಉತ್ತರದ ಎಲ್ಲೆ ಎಂದು ಹೇಳುವ ಗೋದಾವರಿ ನಾಸಿಕ್ ಜಿಲ್ಲೆಯಲ್ಲೇ ಹುಟ್ಟುತ್ತದೆ. ಎಲ್ಲೋರಾದ ಜೈನ ಗುಹೆಗಳಲ್ಲಿ ಜಗನ್ನಾಥ ಸಭೆ ಎಂಬುದೊಂದಿದೆ, ಅದರ ಕಂಬಗಳ ಮೇಲೆ ಹಳಗನ್ನಡದ ಬರಹಗಳಿವೆ. ಮೊಮ್ಮಗಳಿಗೆ ತೋರಿಸಿ, "ನೋಡವ್ವಾ, ನಿಮ್ಮಜ್ಜಿ ಇಲ್ಲಿಗೆ ಹೊಸಬಳಲ್ಲ" ಎಂದು ಒಮ್ಮೆ ಜಂಬ ಕೊಚ್ಚಿಕೊಂಡಿದ್ದೇನೆ.

ಗುಡ್ಡವನ್ನು ಮೇಲಿನಿಂದ ಕೆಳಕ್ಕೆ ಕಡಿದು ಒಂದೇ ಕಲ್ಲಿನಲ್ಲಿ ದೇವಸ್ಥಾನ ತೆಗೆದರು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಕರ್ಕರಾಜನ ಬಡೋದೆಯ ತಾಮ್ರಶಾಸನವಂತೂ ಆಕಾಶಮಾರ್ಗದಲ್ಲಿ ಹೋಗುವ ದೇವತೆಗಳೇ ನಿಂತು ಬೆರಗಾದರೆಂದು ಹೊಗಳುತ್ತದೆ. ಆದರೆ ದೇವತೆಗಳು ಕಂಡ ಕೈಲಾಸ ನಾವೀಗ ಕಾಣುವ ಕಪ್ಪು ಕೈಲಾಸವಲ್ಲ. ಅದಕ್ಕೆ ಬಿಳಿ ಗಾರೆ ಹಚ್ಚಿದ್ದರು. ಶಿಖರದ ಕಡೆ, ಮೂರ್ತಿಗಳ ಸಂದಿಗಳಲ್ಲಿ ಆ ಬಿಳಿಯ ಉಳಿಕೆ ಈಗಲೂ ಇದೆ, ಮಂಟಪದ ಮೇಲ್ಛಾವಣಿಯಲ್ಲಿ ಬಣ್ಣದ ಚಿತ್ರಗಳ ಚೂರುಗಳಿವೆ. ಸುತ್ತಲಿನ ಜನ ಈ ಗುಡಿಯನ್ನು ರಂಗಮಹಲ್ ಎಂದೇ ಕರೆಯುತ್ತಿದ್ದರು. ಕೈಲಾಸ ಎಂದರೆ ಹಿಮದ ಪರ್ವತ. ಕರಿಕಲ್ಲಿನ ಗುಡ್ಡದಲ್ಲಿ ಹಿಮ ತರಬೇಕಾದರೆ ಸುಣ್ಣವಲ್ಲದೆ ಬೇರೇನು ದಾರಿ? ಹಿಂದೆ ಗುಡ್ಡದ ಕಪ್ಪು ಗೋಡೆ ಮೂರು ಕಡೆ ಹಾಗೇ, ನಡುವೆ ಬೆಳ್ಳಗಿನ ಗುಡಿ. ಒಮ್ಮೆ ಕಣ್ಣು ಮುಚ್ಚಿ ಊಹಿಸಿಕೊಳ್ಳಿ.

ಹಳೆಯದೆಂದರೆ ಬತ್ತಲೆ ಕಲ್ಲು, ಬಣ್ಣವೆಂದರೆ ಈಚಿನವರ ಕೆಟ್ಟ ಅಭಿರುಚಿ ಎಂದು ನಮ್ಮಲ್ಲಿ ಒಂದು ನಂಬಿಕೆ ಇದೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಬಾದಾಮಿಯ ಮೂರನೆಯ ಗುಹೆ 578ರದು, ಚಾಲುಕ್ಯ ಮಂಗಲೇಶನದು. ಅಷ್ಟು ಚೆಂದದ ಕೆಂಪು ಮರಳುಗಲ್ಲು ಇದ್ದರೂ ಅಲ್ಲಿ ಚಿತ್ರ ಬರೆದಿದ್ದರು. ಹಂಪಿಯ ವಿರೂಪಾಕ್ಷನ ರಂಗಮಂಟಪದಲ್ಲಿ ತಲೆ ಎತ್ತಿ ನೋಡಿದವರಿಗೆ ಗ್ರಾನೈಟ್ ಮೇಲಿನ ಬಣ್ಣ ಗೊತ್ತು. ನಮ್ಮ ಹಿರಿಯರು ಬಣ್ಣದ ವಿರೋಧಿಗಳಲ್ಲ. ಆದರೆ ಅವರು ಹಚ್ಚಿದ ಬಣ್ಣ ಮಣ್ಣು, ಸುಣ್ಣ, ಕಲ್ಲಿನ ಜಾತಿಯದೇ. ಅದು ಉಸಿರಾಡುತ್ತಿತ್ತು, ಉದುರುವಾಗಲೂ ಕಲ್ಲನ್ನು ಕಿತ್ತುಕೊಂಡು ಹೋಗುತ್ತಿರಲಿಲ್ಲ. ಎಲ್ಲೋರಾದ ಮಣ್ಣಿನ ಗಿಲಾವಿನಲ್ಲಿ ಭಂಗಿ ಗಿಡದ ನಾರು ಬೆರೆಸಿದ್ದರೆಂದೂ, ತೇವವನ್ನು ಹದದಲ್ಲಿಡಲು ಹುಳ ದೂರವಿಡಲು ಅದು ನೆರವಾಗಿರಬೇಕೆಂದೂ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತು. ಇದನ್ನು ಓದಿ ನನ್ನ ಮಗ ನಕ್ಕದ್ದೇ ನಕ್ಕದ್ದು.

ಕಲ್ಲು-ಬಣ್ಣಗಳ ಹೊಂದಾಣಿಕೆಯಲ್ಲಿ ಇನ್ನೊಂದು ದಾರಿಯೂ ಇದೆ, ಒಂದು ಕಲ್ಲನ್ನು ಇನ್ನೊಂದರಂತೆ ತೋರಿಸುವುದು. ಅದಕ್ಕೆ ಔರಂಗಾಬಾದಿನ ಬೀಬಿ ಕಾ ಮಕ್ಬರಾ ನೋಡಬೇಕು. ಔರಂಗಜೇಬನ ಹೆಂಡತಿ ದಿಲ್‌ರಸ್ ಬಾನು ಬೇಗಂಳ ಗೋರಿ, ಹದಿನೇಳನೆಯ ಶತಮಾನದ್ದು, ಮಗ ಆಜಂ ಷಾಹನ ಹೆಸರಿಗೆ ಸೇರಿದ್ದು. ಸುಮಾರು 6,68,000 ರೂಪಾಯಿ ಖರ್ಚಾಯಿತೆಂದು ಹಳೆಯ ಲೆಕ್ಕವಿದೆ. ಆಗ್ರಾದ ತಾಜಮಹಲ್ ಮಾದರಿ, ಆದರೆ ಹಣ ತಾಜಮಹಲಿನದಲ್ಲ. ಹಾಗಾಗಿ ಕೆಳಗೆ ಕೈಗೆಟುಕುವ ಎತ್ತರದವರೆಗೆ ಅಮೃತಶಿಲೆ, ಮೇಲೆ ಗುಮ್ಮಟವೂ ಅಮೃತಶಿಲೆ, ನಡುವೆ ಮಾತ್ರ ನಮ್ಮ ಊರ ಕರಿಕಲ್ಲು. ಅದರ ಮೇಲೆ ಅಮೃತಶಿಲೆಯ ಹಾಗೆ ತಿಕ್ಕಿ ಹೊಳಪು ಕೊಟ್ಟ ಗಾರೆ. ಕೆಲಸ ಬಲು ನಾಜೂಕು, ಗಾರೆಯಲ್ಲೇ ಹೂಬಳ್ಳಿ ತೆಗೆದಿದ್ದಾರೆ. ಹೊಸದರಲ್ಲಿ ಎರಡಕ್ಕೂ ವ್ಯತ್ಯಾಸ ಕಂಡಿರಲಿಕ್ಕಿಲ್ಲ. ಆದರೆ ಕಲ್ಲು ಒಂದು ರೀತಿ ಹಳೆಯದಾಗುತ್ತದೆ, ಗಾರೆ ಇನ್ನೊಂದು ರೀತಿ. ಈಗ ಹತ್ತಿರ ಹೋದರೆ ಅಮೃತಶಿಲೆ ಮುಗಿದು ಗಾರೆ ಶುರುವಾಗುವ ಗೆರೆ ಕಾಣುತ್ತದೆ, ಗಾರೆ ಮಾಸಿದೆ. ಗೋಡೆಯ ಬಣ್ಣವನ್ನು ಪಕ್ಕದ ಕಲ್ಲಿಗೆ ತದ್ರೂಪ ಹೊಂದಿಸಲು ಹೊರಟವರಿಗೆ ಇದನ್ನೇ ತೋರಿಸಬೇಕು. ಮೊದಲ ವರ್ಷ ಹೊಂದುತ್ತದೆ, ಹತ್ತನೆಯ ವರ್ಷ ಬೇರೆಬೇರೆಯಾಗಿ ನಿಲ್ಲುತ್ತದೆ. ಇದರಿಂದ ಮಕ್ಬರಾದ ಚೆಂದ ಕಡಿಮೆಯಾಯಿತು ಎನ್ನುವವಳಲ್ಲ ನಾನು. ತಾಜಮಹಲಿನ ನೆರಳಲ್ಲಿ ಅದನ್ನು ಅಣಕಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಹೀಗೆ ಮರೆಮಾಚದೆ, ಎರಡನ್ನೂ ಎರಡಾಗಿಯೇ ಇಟ್ಟು ಹೊಂದಿಸಿದ ಉದಾಹರಣೆ ಬೇಕಾದರೆ ಎಲ್ಲೋರಾದ ಮಗ್ಗುಲಲ್ಲೇ ಇರುವ ಘೃಷ್ಣೇಶ್ವರ. ಈಗಿರುವ ಗುಡಿ ಹದಿನೆಂಟನೆಯ ಶತಮಾನದ್ದು, ಅಹಲ್ಯಾಬಾಯಿ ಹೋಳ್ಕರರ ಹೆಸರಿನೊಂದಿಗೆ ಕೂಡಿಕೊಂಡಿದೆ. ಕೆಳಗೆ ಅರ್ಧ ಕೆಂಪು ಕಲ್ಲು, ಮೇಲೆ ಶಿಖರದ ಕಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆ. ಕಲ್ಲು ಕಲ್ಲಾಗಿಯೇ, ಗಾರೆ ಗಾರೆಯಾಗಿಯೇ ಕಾಣುತ್ತವೆ. ನಾಸಿಕಿನ ಕಾಳಾರಾಮ, ತ್ರ್ಯಂಬಕೇಶ್ವರ ಎರಡೂ ಅದೇ ಶತಮಾನದವು, ಅವು ಪೂರ್ತಿ ಕರಿಕಲ್ಲು.

ಅಹಲ್ಯಾಬಾಯಿ (1725-1795) ಇಲ್ಲಿಗೆ ಹೊರಗಿನವರಲ್ಲ. ಮನ್ಮಾಡಿನಿಂದ ಸುಮಾರು 25 ಕಿಲೋಮೀಟರ್ ದೂರದ ಚಾಂದವಡದಲ್ಲಿ ಹೋಳ್ಕರರ ವಾಡೆ ಇದೆ, ಅದರ ಹೆಸರೂ ರಂಗಮಹಲ್. ಹೊರಗೆ ಕೋಟೆಯಂಥ ಗೋಡೆ, ಒಳಗೆ ಕೆತ್ತನೆಯ ಮರದ ಕಂಬಗಳ ಅಂಗಳ, ಗೋಡೆಯಲ್ಲಿ ಬಣ್ಣದ ಚಿತ್ರಗಳು. ನಮ್ಮಂಥವರ ಮನೆಗೆ ಅಜಂತಾಕ್ಕಿಂತ ಇದೇ ಹತ್ತಿರದ ಸಂಬಂಧಿ. ಈ ಸೀಮೆಯ ಹಳೆಯ ವಾಡೆಗಳೆಲ್ಲ ಹೆಚ್ಚುಕಡಿಮೆ ಒಂದೇ ಲೆಕ್ಕ. ನೆಲದ ತೇವ ತಡೆಯಲು ಬುಡಕ್ಕೆ ಕರಿಕಲ್ಲು, ಮೇಲೆ ಇಟ್ಟಿಗೆಗೆ ಸುಣ್ಣ, ನಡುವೆ ಎಣ್ಣೆ ಕುಡಿದ ಮರ. ಹೊರಗಿನ ಕಪ್ಪು ಒಳಗಿನ ಬಣ್ಣಕ್ಕೆ ಅಡ್ಡಿಯಾಗಿಲ್ಲ. ನನ್ನ ಮನೆ ಅದೇ ಲೆಕ್ಕದ ಬಡ ಆವೃತ್ತಿ.

ಈಗ ನಮ್ಮ ಹೆಂಗಸರ ಪಾಲಿಗೆ ಬರುತ್ತೇನೆ. ರಾಜರು ಗುಡಿ ಕಡೆಸಿದರು, ಶಾಸನ ಬರೆಸಿದರು. ಪ್ರತಿ ವರ್ಷ ದಸರೆ, ದೀಪಾವಳಿಗೆ ಮೊದಲು ಗೋಡೆಗೆ ಸುಣ್ಣ-ಕೆಮ್ಮಣ್ಣು ಮಾಡಿದವರ ಹೆಸರು ಯಾವ ಶಾಸನದಲ್ಲೂ ಇಲ್ಲ. ನಮ್ಮವ್ವ ಸುಡುಸುಣ್ಣವನ್ನು ಮಡಕೆಯಲ್ಲಿ ನೀರಿಗೆ ಹಾಕಿ ಕುದಿಸುತ್ತಿದ್ದಳು, ಹತ್ತಿರ ಹೋದರೆ ಬೈಗುಳ. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಹಾಕಿ, ಕೊನೆಗೆ ಚಿಟಿಕೆ ನೀಲಿ. ಗೋಡೆಗೆ ಸುಣ್ಣ, ಕೆಳಗೆ ಗೇಣಗಲ ಕೆಮ್ಮಣ್ಣಿನ ಪಟ್ಟೆ. ಅದನ್ನೇ ಇಲ್ಲಿ ಗೇರು ಎನ್ನುತ್ತಾರೆ. ಕಲ್ಲುಕಟ್ಟೆ ಮುಗಿದು ಗೋಡೆ ಶುರುವಾಗುವ ಜಾಗದಲ್ಲಿ ಆ ಕೆಂಪು ಪಟ್ಟೆ ಬರುತ್ತಿತ್ತು. ಕಲ್ಲಿನಿಂದ ಬಿಳಿಗೆ ಒಮ್ಮೆಲೇ ಹಾರದೆ ನಡುವೆ ಮಣ್ಣಿನ ಮೆಟ್ಟಿಲು. ಮಳೆನೀರು ಸಿಡಿದು ಕೆಸರಾದರೂ ಕಾಣುವುದಿಲ್ಲ ಎಂಬ ಜಾಣತನವೂ ಅದರಲ್ಲಿತ್ತು.

ಆ ಚಿಟಿಕೆ ನೀಲಿಯನ್ನು ಗಮನಿಸಿ. ಅದು ಅಜಂತಾದ ನೀಲಿಯೇ! ಲಾಪಿಸ್ ಕಲ್ಲಿಗೆ ನೀಲಿ ಕೊಡುವ ಅದೇ ಪದಾರ್ಥವನ್ನು 1820ರ ದಶಕದಲ್ಲಿ ಫ್ರಾನ್ಸಿನ ಗೀಮೆ ಎಂಬಾತ ಕಾರ್ಖಾನೆಯಲ್ಲಿ ಮಾಡುವ ದಾರಿ ಕಂಡುಹಿಡಿದ. ಅಲ್ಟ್ರಾಮರೀನ್ ಎಂದು ಅದರ ಹೆಸರು. ಬದಖ್ಶಾನದ ದುಬಾರಿ ಬಣ್ಣ ಅಗ್ಗವಾಗಿ, ಬಿಳಿ ಬಟ್ಟೆಗೆ ಹಾಕುವ ನೀಲಿಯಾಗಿ ಕಿರಾಣಿ ಅಂಗಡಿಗೆ ಬಂತು. ಅಗ್ಗವಾದರೂ ನಮ್ಮವ್ವಂದಿರು ಅದನ್ನು ಚಿಟಿಕೆಯಲ್ಲೇ ಬಳಸಿದರು, ಸುಣ್ಣದ ಹಳದಿ ಛಾಯೆ ಅಡಗಿಸಲು ಅಷ್ಟೇ ಸಾಕು.

ಇನ್ನು ಸುಣ್ಣದ ಗುಣ. ಬಳಿದ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಮತ್ತೆ ಸುಣ್ಣದ ಕಲ್ಲಾಗುತ್ತದೆ. ಹಾಗಾಗಿ ಕಲ್ಲಿನ ಪಕ್ಕ ಅದು ಪರಕೀಯವಾಗಿ ಕಾಣುವುದಿಲ್ಲ, ಹೊಳಪಿಲ್ಲದೆ ಒಳಗಿನಿಂದ ಬೆಳಗಿದ ಹಾಗೆ ಕಾಣುತ್ತದೆ. ಗೋಡೆಯ ತೇವ ಅದರ ಮೂಲಕ ಹೊರಗೆ ಹೋಗುತ್ತದೆ. ಆಯಿಲ್ ಪೇಂಟ್ ಬಾಗಿಲು ಮುಚ್ಚುತ್ತದೆ. ಕರಿಕಲ್ಲು ತಾನು ಹೆಚ್ಚು ನೀರು ಕುಡಿಯುವುದಿಲ್ಲ, ಆದರೆ ಕಲ್ಲು ಕಲ್ಲುಗಳ ನಡುವಿನ ಗಾರೆಯಲ್ಲಿ ನೆಲದ ತೇವ ಏರುತ್ತದೆ. ಹೊರಗೆ ಹೋಗಲು ಜಾಗವಿಲ್ಲದಿದ್ದರೆ ಉಪ್ಪು ಸೇರಿ ಬಣ್ಣ ಗುಳ್ಳೆಯೆದ್ದು ಹಪ್ಪಳದ ಹಾಗೆ ಏಳುತ್ತದೆ. ನಮ್ಮ ಕಡೆಯ ಒಂದು ಹಳ್ಳಿಯಲ್ಲಿ ಶತಮಾನಗಳ ಹಿಂದಿನ ಪುಟ್ಟ ಕಲ್ಲುಗುಡಿಗೆ ಭಕ್ತರೆಲ್ಲ ಸೇರಿ ಕೇಸರಿ, ಹಳದಿ, ಹಸಿರು ಆಯಿಲ್ ಪೇಂಟ್ ಬಳಿಸಿದ್ದನ್ನು ಕಂಡಿದ್ದೇನೆ. ಕೆತ್ತನೆಯ ಮೂಗು, ತುಟಿ, ಬೆರಳು ಬಣ್ಣದ ದಪ್ಪದಲ್ಲಿ ಹೂತುಹೋಗಿವೆ. ಭಕ್ತಿಯಲ್ಲಿ ಕೊರತೆ ಇಲ್ಲ, ನಡುವೆ ಇರಬೇಕಾದ ಸುಣ್ಣದ ಪದರ ಮಾತ್ರ ಇಲ್ಲ. ಹೀಗಾದ ಗುಡಿಗಳನ್ನು ಆಮೇಲೆ ಸ್ವಚ್ಛ ಮಾಡುತ್ತೇವೆಂದು ಮರಳು ಚಿಮ್ಮಿಸಿ ಉಜ್ಜುವುದಂತೂ ಕೆತ್ತನೆಗೆ ಎರಡನೆಯ ಏಟು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಮನೆಯ ತೀರ್ಮಾನವನ್ನೂ ಹೇಳಬೇಕಲ್ಲ. ಮಗ-ಸೊಸೆಯ ಮಾತಲ್ಲಿ ಒಂದು ನಿಜವಿತ್ತು, ಮನೆ ಕತ್ತಲೆ. ಅದನ್ನು ನಾನು ಅಲ್ಲಗಳೆಯಲಿಲ್ಲ. ಕಲ್ಲಿನ ಮೇಲೆ ಒಂದು ಚೊಂಬು ನೀರು ಸುರಿದು, ಒದ್ದೆ ಕಲ್ಲಿನ ಪಕ್ಕ ಸೊಸೆಯ ಶೇಡ್ ಕಾರ್ಡ್ ಹಿಡಿದೆವು. ಒಣಗಿದ್ದಾಗ ಬರೀ ಕಪ್ಪು-ಬೂದು ಕಾಣುವ ಕಲ್ಲು ಒದ್ದೆಯಾದಾಗ ತನ್ನ ನಿಜಬಣ್ಣ ಬಿಡುತ್ತದೆ. ನಮ್ಮದು ಸ್ವಲ್ಪ ಹಸಿರಿಗೆ ತಿರುಗಿದ ಕಪ್ಪು, ಅಲ್ಲಲ್ಲಿ ತುಕ್ಕಿನ ಕೆಂಪು. ನೀಲಿ ಛಾಯೆಯ ಅಚ್ಚ ಬಿಳಿಗಳೆಲ್ಲ ಅದರ ಪಕ್ಕ ಆಸ್ಪತ್ರೆಯ ಗೋಡೆಯಂತೆ ಕಂಡವು. "ಅತ್ತಿ, ಇದು ಬ್ಯಾಡ" ಎಂದು ಸೊಸೆಯೇ ಅವನ್ನು ಬದಿಗಿಟ್ಟಳು. ಕಲ್ಲನ್ನು ತೊಳೆದು ಹಾಗೇ ಬಿಟ್ಟೆವು. ಸಂದಿಗಳಲ್ಲಿ ಯಾರೋ ತುಂಬಿದ್ದ ಸಿಮೆಂಟ್ ಸಡಿಲವಾಗಿದ್ದ ಕಡೆ ತೆಗೆಸಿ ಸುಣ್ಣದ ಗಾರೆ ತುಂಬಿಸಿದೆವು. ಮೇಲಿನ ಗೋಡೆಗೆ ಸುಣ್ಣವೇ, ಅದರಲ್ಲಿ ಒಂದಿಷ್ಟು ಪಿವಡಿ, ಅಂದರೆ ಹಳದಿ ಮಣ್ಣು. ಕಲ್ಲಿಗೂ ಸುಣ್ಣಕ್ಕೂ ನಡುವೆ ನಮ್ಮವ್ವನ ಕೆಮ್ಮಣ್ಣಿನ ಪಟ್ಟೆ, ಗೇಣಿಲ್ಲ, ನಾಲ್ಕು ಬೆರಳು. ದೀಪ ಇಡುವ ಗೂಡಿನ ಒಳಗೆ ಮಾತ್ರ ಗಾಢ ನೀಲಿ. ಕತ್ತಲೆಗೆ ಪರಿಹಾರ ಬಣ್ಣದಲ್ಲಿ ಇರಲೇ ಇಲ್ಲ, ಮೇಲಿನ ಇಟ್ಟಿಗೆ ಗೋಡೆಯಲ್ಲಿ ಹಿಂದೆ ಮುಚ್ಚಿಸಿದ್ದ ಒಂದು ಬೆಳಕಿಂಡಿಯನ್ನು ಮಗನೇ ನಿಂತು ತೆರೆಸಿದ. ಪೇಂಟರಿಗೆ ಸುಣ್ಣದ ಕೆಲಸದಲ್ಲಿ ಲಾಭ ಕಡಿಮೆ, ಆದರೂ ತನ್ನ ಅಪ್ಪ ಹೀಗೇ ಮಾಡುತ್ತಿದ್ದನೆಂದು ನೆನೆಸಿಕೊಂಡು ಮೂರು ತೆಳು ಕೋಟ್ ಹೊಡೆದ. ಸುಣ್ಣ ಹೊಡೆಯುವ ಮೊದಲೂ ಆಮೇಲೂ ಗೋಡೆಗೆ ನೀರು ಚಿಮುಕಿಸಬೇಕು. ನಮ್ಮೂರ ನಲ್ಲಿಯಲ್ಲಿ ನೀರು ಬರುವುದೇ ಅಪರೂಪ, ಹಾಗಾಗಿ ಬಟ್ಟೆ ತೊಳೆದ ಕೊನೆಯ ನೀರಲ್ಲ, ಕುಡಿಯುವ ನೀರನ್ನೇ ಅಳೆದು ಕೊಟ್ಟೆ. ಸೋಪಿನ ನೀರು ಸುಣ್ಣಕ್ಕೆ ಆಗದು.

ನಿಮ್ಮ ಮನೆಗಳಲ್ಲಿ ಬೇರೆ ಕಲ್ಲುಗಳಿರುತ್ತವೆ. ಬೆಂಗಳೂರಿನವರಿಗೆ ಸಾದರಹಳ್ಳಿಯ ಬೂದು ಗ್ರಾನೈಟ್, ಬಾಗಲಕೋಟೆ ಕಡೆಯವರಿಗೆ ಇಳಕಲ್ಲಿನ ಕೆಂಪು, ಅಡಿಗೆಮನೆಯಲ್ಲಿ ಕಡಪದ ಕಪ್ಪು, ಮುಂಬಯಿ ಪುಣೆಯ ಮೆಟ್ಟಿಲುಗಳಲ್ಲಿ ಹಸಿರು ಛಾಯೆಯ ಕೋಟಾ. ಒಂದು ಚೊಂಬು ನೀರಿನ ಪರೀಕ್ಷೆ ಎಲ್ಲಕ್ಕೂ ನಡೆಯುತ್ತದೆ. ಪಾಲಿಶ್ ಮಾಡಿದ ಗ್ರಾನೈಟಿಗೆ ನೀರೂ ಬೇಡ, ಹಗಲು ಬೆಳಕಿನಲ್ಲಿ ಹತ್ತಿರದಿಂದ ಅದರ ಚುಕ್ಕೆಗಳನ್ನು ನೋಡಿ, ಅದರಲ್ಲಿ ಹೆಚ್ಚು ಇರುವ ತಿಳಿಬಣ್ಣವನ್ನು ಗೋಡೆಗೆ ಆರಿಸಿಕೊಳ್ಳಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಮಾತ್ರ ಯಾವ ಬಣ್ಣವನ್ನೂ ಒಪ್ಪಿಕೊಂಡು ಬರಬೇಡಿ.

ಈ ಕಡೆ ಬರುವ ಮನಸ್ಸಿದ್ದರೆ ಬೆಂಗಳೂರು, ಕಲಬುರಗಿಯಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಮನ್ಮಾಡಿನಲ್ಲಿ ಇಳಿದು ಔರಂಗಾಬಾದಿನ ಗಾಡಿ ಹಿಡಿಯಬಹುದು. ಅಜಂತಾ ಸೋಮವಾರ ಮುಚ್ಚಿರುತ್ತದೆ, ಎಲ್ಲೋರಾ ಮಂಗಳವಾರ. ಎಲ್ಲೋರಾಕ್ಕೆ ಹೋದವರು ಕೈಲಾಸ ಒಂದನ್ನೇ ನೋಡಿ ಊಟಕ್ಕೆ ಓಡಬೇಡಿ. ಜೈನ ಗುಹೆಗಳು ಒಂದಿಷ್ಟು ದೂರದಲ್ಲಿವೆ, ಅಲ್ಲಿಗೂ ಹೋಗಿ. ಇಂದ್ರಸಭೆಯ ಮೇಲಂತಸ್ತಿನಲ್ಲಿ ಕತ್ತೆತ್ತಿದರೆ ಮೇಲ್ಛಾವಣಿಯ ಬಣ್ಣ ಇನ್ನೂ ಕಾಣುತ್ತದೆ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಎರಡು ನಿಮಿಷ ಸುಮ್ಮನೆ ನಿಲ್ಲಬೇಕು.